ಅಮ್ಮನಿಗೆ ಉಳಿತಾಯ ಖಾತೆ ಮಾಡಿಸ್ಬೇಕು, ಏನೇನು ನೋಡ್ಕೋಬೇಕು ಹೇಳಿ

ತೆಂಗಿನಗರಿ

ಎಲ್ರಿಗೂ ನಮಸ್ಕಾರ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ನಾನಿರೋದು ಬೆಂಗಳೂರು, ಅಮ್ಮ ಊರಲ್ಲೇ. ಅವರಿಗೀಗ 58. ಗೃಹಲಕ್ಷ್ಮಿ ದುಡ್ಡು ಬೀಳೋ ಖಾತೆ ಇರೋ ಶಾಖೆಗೆ ನಮ್ಮೂರಿಂದ ನೇರ ಬಸ್ಸಿಲ್ಲ, ಮಧ್ಯೆ ಇಳಿದು ಆಟೋ ಹಿಡೀಬೇಕು. ಸಂತೆಗೆ ಹೋಗೋ ಊರಲ್ಲಿ ಇನ್ನೊಂದು ಸರ್ಕಾರಿ ಬ್ಯಾಂಕಿದೆ, ಅಲ್ಲೊಂದು ಖಾತೆ ಮಾಡಿಸಿದ್ರೆ ವಾರಕ್ಕೊಮ್ಮೆ ಹೇಗೂ ಹೋಗ್ತಾರಲ್ಲ, ಅನುಕೂಲ ಆಗುತ್ತೆ ಅಂತ ಕರ್ಕೊಂಡು ಹೋಗಿದ್ದೆ.

ಮೊದಲು "ಝೀರೋ ಬ್ಯಾಲೆನ್ಸ್ ಇಲ್ಲಿ ಮಾಡಲ್ಲ, ಸೇವಾ ಕೇಂದ್ರಕ್ಕೆ ಹೋಗಿ" ಅಂದ್ರು. ಸ್ವಲ್ಪ ಜೋರು ಮಾಡಿದ್ಮೇಲೆ ಫಾರಂ ಕೊಟ್ರು. ಅದ್ರ ಜತೆ ಪಿನ್ ಹೊಡೆದ ಇನ್ನೆರಡು ಹಾಳೆ, ಏನು ಅಂತ ಕೇಳಿದ್ರೆ "ವಿಮೆದು, ಎಲ್ರೂ ಹಾಕ್ತಾರೆ". ಅಮ್ಮ ಕೂತು ನಿಧಾನಕ್ಕೆ ಸಹಿ ಹಾಕ್ತಾ ಇದ್ರೆ ಕೌಂಟರಲ್ಲಿದ್ದವರು "ಲೇಟಾಗುತ್ತಮ್ಮ, ಹೆಬ್ಬೆಟ್ಟು ಒತ್ಬಿಡಿ" ಅಂದ್ಬಿಟ್ರು. ಅಮ್ಮ ಅಕ್ಷರ ಕಲಿತಿದ್ದೇ ಮದುವೆಯಾದ ಮೇಲೆ, ರಾತ್ರಿ ಶಾಲೆಗೆ ಹೋಗಿ. ಪೆನ್ನು ಅಲ್ಲೇ ಇಟ್ಟು "ಬಾರೇ ಹೋಗಣ" ಅಂತ ಎದ್ದು ಬಂದ್ರು.

ಮುಂದಿನ ಸಂತೆಗೆ ಮತ್ತೆ ಹೋಗ್ಬೇಕು. ನಿಮ್ಗೆಲ್ಲ ಖಾತೆ ಮಾಡಿಸುವಾಗ ಏನಾಯ್ತು, ಯಾವುದಕ್ಕೆ ಹೂಂ ಅನ್ಬೇಕು, ಯಾವುದಕ್ಕೆ ಊಹೂಂ ಅನ್ಬೇಕು, ತಿಳಿದವರು ಹೇಳಿ.

ಚಿಲ್ಲರೆ ಅಂಗಡಿ

ಸರ್ವರ್ ಡೌನು ಅನ್ನಲಿಲ್ವಲ್ಲಾ, ಆ ಮಟ್ಟಿಗೆ ಒಳ್ಳೇ ಬ್ರಾಂಚು ಬಿಡಿ.

ಹಳೇ ಲೆಡ್ಜರು

ತಂಗೀ, ನಾನು ಉಡುಪಿಯವನು, ಸರ್ವಿಸು ಪೂರಾ ಸರ್ಕಾರಿ ಬ್ಯಾಂಕಿನ ಹಳ್ಳಿ ಶಾಖೆಗಳಲ್ಲೇ ಕಳೆದವನು. ಈಗ ನಿವೃತ್ತ.

ಮೊದಲು ಸಹಿಯ ವಿಷಯ. ಉಳಿದದ್ದನ್ನೆಲ್ಲ ಆಮೇಲೂ ಸರಿಮಾಡಿಸಬಹುದು, ಇದು ಶುರುವಿನಲ್ಲೇ ಸರಿಯಾಗಬೇಕು. ಹೆಬ್ಬೆಟ್ಟು ಒತ್ತಿ ತೆರೆದ ಖಾತೆಯನ್ನು ಬ್ಯಾಂಕು ಅನಕ್ಷರಸ್ಥರ ಖಾತೆ ಅಂತ ಬರೆದುಕೊಳ್ಳುತ್ತದೆ. ಆ ಮೇಲೆ ಸಾಮಾನ್ಯವಾಗಿ ಚೆಕ್ ಪುಸ್ತಕ ಕೊಡುವುದಿಲ್ಲ. ಶಾಖೆಯಲ್ಲಿ ದುಡ್ಡು ತೆಗೆಯಬೇಕಾದರೆ ಪ್ರತಿ ಸಲವೂ ಸ್ವತಃ ಹೋಗಿ, ಅಧಿಕಾರಿಯ ಎದುರೇ ಹೆಬ್ಬೆಟ್ಟು ಒತ್ತಬೇಕು. ಓದು ಬರಹ ಬಾರದವರ ರಕ್ಷಣೆಗೆ ಮಾಡಿದ ನಿಯಮ ಇದು, ತಪ್ಪಲ್ಲ. ಆದರೆ ಸಹಿ ಬರುವವರಿಗೆ ಕ್ಯೂ ಉದ್ದ ಇದೆ ಅಂತ ಅದನ್ನು ಹಚ್ಚುವುದು ತಪ್ಪು. ಕನ್ನಡ ಸಹಿ ಧಾರಾಳವಾಗಿ ನಡೆಯುತ್ತದೆ. ನಿಧಾನಕ್ಕೆ ಹಾಕಿದರೂ ನಡೆಯುತ್ತದೆ.

ಒಂದು ಉಪಾಯ ಹೇಳುತ್ತೇನೆ. ಫಾರಂನಲ್ಲಿ ಸಹಿಯ ಚೌಕ ಚಿಕ್ಕದು, ಎರಡು ಬೆರಳಗಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವವರ ಸಹಿ ಗೆರೆ ದಾಟಿ ಆಚೆ ಹೋಗುತ್ತದೆ. ಸ್ಕ್ಯಾನ್ ಮಾಡುವಾಗ ಚೌಕದ ಒಳಗಿನದ್ದು ಮಾತ್ರ ಕಂಪ್ಯೂಟರಿಗೆ ಹೋಗುವುದು. ಕೊನೆಯ ಒತ್ತಕ್ಷರ ಕತ್ತರಿಸಿ ಹೋಗಿರುತ್ತದೆ. ಮುಂದೆ ಹಣ ತೆಗೆಯಲು ಬಂದಾಗ ಪರದೆಯ ಮೇಲೆ ಅರ್ಧ ಸಹಿ, ಚೀಟಿಯಲ್ಲಿ ಪೂರ್ತಿ ಸಹಿ, ತಾಳೆ ಆಗುವುದಿಲ್ಲ. ಮನೆಯಲ್ಲೇ ಬಿಳಿ ಹಾಳೆಯಲ್ಲಿ ಅಷ್ಟೇ ಅಳತೆಯ ಚೌಕ ಗೀಚಿ ಅಮ್ಮನಿಂದ ನಾಲ್ಕು ಸಲ ಬರೆಸಿ ಅಭ್ಯಾಸ ಮಾಡಿಸಿ. ಪೂರ್ತಿ ಹೆಸರೇ ಬೇಕೆಂದಿಲ್ಲ, ಚಿಕ್ಕದಾಗಿ ಬರೆಯಲಿ. ಪ್ರತಿ ಸಲ ಒಂದೇ ಥರ ಇದ್ದರಾಯಿತು.

ಇನ್ನು ಝೀರೋ ಬ್ಯಾಲೆನ್ಸ್. ಬ್ಯಾಂಕಿನ ಭಾಷೆಯಲ್ಲಿ ಇದರ ಹೆಸರು ಮೂಲ ಉಳಿತಾಯ ಠೇವಣಿ ಖಾತೆ. ಇದನ್ನು ಎಲ್ಲರಿಗೂ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2012ರ ಆಗಸ್ಟಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. "ಇಲ್ಲಿ ಮಾಡಲ್ಲ" ಅನ್ನುವ ಉತ್ತರಕ್ಕೆ ಆಧಾರ ಇಲ್ಲ. ಕನಿಷ್ಠ ಬ್ಯಾಲೆನ್ಸ್ ಬೇಕಿಲ್ಲ, ಎಟಿಎಂ ಕಾರ್ಡಿಗೆ ವರ್ಷದ ಶುಲ್ಕವೂ ಇಲ್ಲ. ತಿಂಗಳಿಗೆ ನಾಲ್ಕು ಸಲ ಹಣ ತೆಗೆಯುವುದು ಉಚಿತ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಇದ್ದರೆ 30 ದಿನದೊಳಗೆ ಮುಚ್ಚಬೇಕು.

ಇನ್ನೊಂದು ಮಾತು. ಸ್ಟೇಟ್ ಬ್ಯಾಂಕು 2020ರ ಮಾರ್ಚಿನಲ್ಲಿ, ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಸಾಮಾನ್ಯ ಉಳಿತಾಯ ಖಾತೆಗೂ ಕನಿಷ್ಠ ಬ್ಯಾಲೆನ್ಸಿನ ದಂಡ ತೆಗೆದುಹಾಕಿವೆ, ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ ಅದೇ ದಾರಿ ಹಿಡಿದಿವೆ. ಹಾಗಾಗಿ ನಿಮ್ಮ ಬ್ಯಾಂಕಿನಲ್ಲಿ ದಂಡ ಇದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಸಾಮಾನ್ಯ ಖಾತೆಯೂ ಆಗಬಹುದು. ಕಾರ್ಡಿನ ವಾರ್ಷಿಕ ಶುಲ್ಕ, ಎಸ್ಸೆಮ್ಮೆಸ್ ಶುಲ್ಕ ಎಷ್ಟು ಅಂತ ಕೇಳಿಕೊಂಡು ತೀರ್ಮಾನ ಮಾಡಿ.

ಸಂತೇಪೇಟೆ ಬ್ಯಾಂಕ್‌ಮಿತ್ರ

ಅಕ್ಕಾ, ನೀವು ಹೇಳಿದ "ಸೇವಾ ಕೇಂದ್ರ" ಅಂದ್ರೆ ನಮ್ಮಂಥೋರೇ. ದಾವಣಗೆರೆ ಕಡೆ ಒಂದು ಹಳ್ಳೀಲಿ ಬ್ಯಾಂಕ್ ಮಿತ್ರ ಆಗಿದೀನಿ, ಅಂದ್ರೆ ಬ್ಯಾಂಕಿನ ಪರವಾಗಿ ಊರಲ್ಲೇ ಕೆಲಸ ಮಾಡಿಕೊಡೋ ಏಜೆಂಟು. ಜನಧನ್ ಖಾತೆ ನಾವೂ ಮಾಡಿಕೊಡ್ತೀವಿ, ಬೆರಳಚ್ಚು ಒತ್ತಿದ್ರೆ ಬೇಗ ಆಗೋಗುತ್ತೆ. ಆದ್ರೆ ನಿಮ್ಮ ಅಮ್ಮನ ವಿಷಯದಲ್ಲಿ ಲೆಡ್ಜರ್ ಸರ್ ಹೇಳದೇ ಬಿಟ್ಟಿದ್ದು ಒಂದಿದೆ. ನನ್ನ ಹತ್ರ ದಿನಾ ಬರೋ ಗಲಾಟೆ ಅದೇ.

ಹೊಸ ಖಾತೆ ಫಾರಂನಲ್ಲಿ ಆಧಾರ್ ಬಗ್ಗೆ ಒಂದು ಒಪ್ಪಿಗೆ ಇರುತ್ತೆ, ಸರ್ಕಾರದ ಸಹಾಯಧನ ಈ ಖಾತೆಗೇ ಬರ್ಲಿ ಅಂತ. ಸಣ್ಣ ಅಕ್ಷರ, ಯಾರೂ ಓದಲ್ಲ. ಅಲ್ಲಿ ಟಿಕ್ ಬಿದ್ರೆ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ದುಡ್ಡು ಕಳಿಸೋ ವ್ಯವಸ್ಥೆ ನೋಡ್ಕೊಳ್ಳೋ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮಮ್ಮನ ಆಧಾರ್ ಎದುರಿಗೆ ಹಳೇ ಬ್ಯಾಂಕಿನ ಹೆಸರು ಹೋಗಿ ಹೊಸ ಬ್ಯಾಂಕಿನ ಹೆಸರು ಬಂದು ಕೂರುತ್ತೆ. ಆಧಾರ್ ನಂಬರನ್ನ ನೀವು ಮೂರು ಬ್ಯಾಂಕಿಗೆ ಕೊಟ್ಟಿರಬಹುದು, ಆ ಪಟ್ಟಿಯಲ್ಲಿ ಮಾತ್ರ ಒಂದೇ ಬ್ಯಾಂಕು ಇರೋದು, ಕೊನೆಗೆ ಯಾರು ಸೇರಿಸಿದ್ರೋ ಅವರು. ಗೃಹಲಕ್ಷ್ಮಿ 2,000, ಪಿಎಂ ಕಿಸಾನ್ ಕಂತು, ಎಲ್ಲಾ ಆ ಪಟ್ಟಿ ನೋಡ್ಕೊಂಡೇ ಹೋಗುತ್ತೆ. ಊರು ಬಿಟ್ಟವರ ಕಾಗದವನ್ನ ಪೋಸ್ಟ್‌ಮನ್ನು ಹೊಸ ವಿಳಾಸಕ್ಕೆ ತಲುಪಿಸಿದ ಹಾಗೆ, ಇಲ್ಲಿ ವಿಳಾಸ ಬದಲಾಗಿದ್ದು ಮನೆಯವರಿಗೇ ಗೊತ್ತಿರಲ್ಲ ಅಷ್ಟೇ.

ಆಮೇಲೆ ನಮ್ಮ ಹತ್ರ ಬರ್ತಾರೆ, "ಮೂರು ತಿಂಗಳಿಂದ ಗೃಹಲಕ್ಷ್ಮಿ ಬಂದಿಲ್ಲಪ್ಪಾ" ಅಂತ. ಅಂಗನವಾಡಿ ಟೀಚರ್‌ನ ಕೇಳಿರ್ತಾರೆ, ಪಂಚಾಯ್ತಿಗೆ ಅಲೆದಿರ್ತಾರೆ, ನೋಡಿದ್ರೆ ದುಡ್ಡು ಸಲೀಸಾಗಿ ಬರ್ತಾ ಇದೆ, ಎಲ್ಲೋ ಯಾವತ್ತೋ ಮಾಡಿಸಿ ಮರೆತ ಖಾತೆಗೆ. ಹಿಂದೆ 2017ರಲ್ಲಿ ಒಂದು ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕು ಸಿಮ್ ಪರಿಶೀಲನೆ ನೆಪದಲ್ಲಿ ಜನರಿಗೆ ತಿಳಿಯದೇ ಖಾತೆ ತೆರೆದು, ಗ್ಯಾಸ್ ಸಬ್ಸಿಡಿಯೆಲ್ಲ ಅಲ್ಲಿಗೆ ಹೋಗಿತ್ತಲ್ಲ, ಆ ಬ್ಯಾಂಕಿಗೆ ಮರುವರ್ಷ ರಿಸರ್ವ್ ಬ್ಯಾಂಕು 5 ಕೋಟಿ ದಂಡ ಹಾಕ್ತು. ಆ ಸಬ್ಸಿಡಿ ಹೋಗಿದ್ದೂ ಈ ಪಟ್ಟಿಯ ದಾರೀಲೇ.

ನಿಮ್ಗೆ ಹೊಸ ಶಾಖೆ ಹತ್ರ ಅಂದ್ರೆ ಟಿಕ್ ಹಾಕೋದೇ ಒಳ್ಳೇದು, ತೀರ್ಮಾನ ಅಮ್ಮಂದಾಗಿರ್ಲಿ. ಮೈ ಆಧಾರ್ ವೆಬ್‌ಸೈಟಿಗೆ ಅಮ್ಮನ ನಂಬರಿಗೆ ಬರೋ ಓಟಿಪಿ ಹಾಕಿ ಒಳಗೋದ್ರೆ ಈಗ ಯಾವ ಬ್ಯಾಂಕಿದೆ ಅಂತ ತೋರ್ಸುತ್ತೆ. ಖಾತೆ ಮಾಡಿಸೋ ಮುಂಚೆ ಒಂದ್ಸಲ, ಮಾಡಿಸಿದ ಹತ್ತು ದಿನಕ್ಕೆ ಇನ್ನೊಂದ್ಸಲ ನೋಡಿ. ಬದಲಾಗೋವರ್ಗೂ ಹಳೇ ಖಾತೆ ಮುಚ್ಚಿಸ್ಬೇಡಿ.

ತೆಂಗಿನಗರಿ

ಅಯ್ಯೋ ಇದು ಗೊತ್ತೇ ಇರ್ಲಿಲ್ಲ ಅಣ್ಣಾ. ಫಾರಂ ಮನೇಲೇ ಇದೆ, ಈಗ ತೆಗೆದು ನೋಡಿದೆ. ಎರಡನೇ ಪುಟದಲ್ಲಿ ಆ ಟಿಕ್ ಅವರೇ ಪೆನ್ಸಿಲ್ಲಲ್ಲಿ ಹಾಕಿಟ್ಟಿದಾರೆ! ಸಹಿ ಎಲ್ಲೆಲ್ಲಿ ಬೇಕು ಅನ್ನೋದಕ್ಕೂ ಪೆನ್ಸಿಲ್ ಗುರುತಿದೆ. ಲೆಡ್ಜರ್ ಸರ್, ಅಮ್ಮ ಆಗ್ಲೇ ಹಳೇ ಕ್ಯಾಲೆಂಡರ್ ಹಿಂದೆ ಚೌಕ ಹಾಕ್ಕೊಂಡು ಕೂತಿದಾರೆ.

ಕಡಬದ ಗಾಳಿಮಳೆ

ನಮ್ಮಲ್ಲಿ ಬೇರೆಯೇ ಕಥೆ ಮಾರಾಯ್ರೆ. ನನ್ನ ದೊಡ್ಡಮ್ಮ ಬೀಡಿ ಕಟ್ಟುವವರು, ಸಣ್ಣ ಪ್ರಾಯದಿಂದಲೂ ಅದೇ ಕೆಲಸ. ಬೆರಳಿನ ಗೆರೆಯೆಲ್ಲ ಸವೆದು ಹೋಗಿದೆ. ಮಿಷನಿನ ಮೇಲೆ ಬೆರಳಿಟ್ಟರೆ ಕೆಂಪು ಲೈಟೇ ಬರುವುದು. ಒರೆಸಿ ಇಡಿ, ಒತ್ತಿ ಇಡಿ, ಸ್ವಲ್ಪ ಎಣ್ಣೆ ಮುಟ್ಟಿಸಿ ಇಡಿ ಅಂತ ಹತ್ತು ಬೆರಳಿಗೂ ಆಯ್ತು. ಕೊನೆಗೆ "ನಿಮ್ಮ ಆಧಾರ್ ಸರಿಯಿಲ್ಲ, ಅಪ್‌ಡೇಟ್ ಮಾಡಿಸಿ ಬನ್ನಿ" ಅಂತ ಕಳಿಸಿದ್ರು. ಆಧಾರ್ ಕೇಂದ್ರದಲ್ಲಿ ಆಧಾರ್ ಸರಿಯೇ ಉಂಟು ಅಂತ ವಾಪಸ್ ಕಳಿಸಿದ್ರು.

ಮತ್ತೆ ಅಂಚೆಯವರೇ ಮಾಡಿಕೊಟ್ಟದ್ದು. ನಮ್ಮ ಪೋಸ್ಟ್‌ಮನ್ ಮನೆಗೇ ಬಂದು ಮೊಬೈಲಿನಲ್ಲಿ ಮುಖ ತೋರಿಸಿ, ಕಣ್ಣು ಪಿಳಿಪಿಳಿ ಮಾಡಿಸಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ಮಾಡಿದ್ರು. ದೊಡ್ಡಮ್ಮನಿಗೆ ನಾಚಿಕೆಯೋ ನಾಚಿಕೆ, ಫೋಟೋ ಅಂತ ಸೀರೆ ಬದಲಿಸಿ ಬರ್ಲಿಕ್ಕೆ ಹೊರಟಿದ್ರು.

ಹಳೇ ಲೆಡ್ಜರು

ಕಡಬದವರೇ, ಬೆರಳು ಹಿಡಿಯದಿದ್ದರೆ ಕಳಿಸಿಬಿಡುವ ಅಗತ್ಯವೇ ಇರಲಿಲ್ಲ. ಬೆರಳಚ್ಚಿನ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಾತ್ರಿ ಮಾಡುವುದು, ಒಂದೇ ದಾರಿಯಲ್ಲ. ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತ್ರಿ ಜಾಬ್ ಕಾರ್ಡು, ಇವುಗಳಲ್ಲಿ ಯಾವುದಿದ್ದರೂ ಖಾತೆ ತೆರೆಯಬಹುದು. ಜತೆಗೆ ಪ್ಯಾನ್, ಅದಿಲ್ಲದಿದ್ದರೆ ಪ್ಯಾನ್ ಇಲ್ಲ ಅಂತ ಘೋಷಿಸುವ ಫಾರಂ. ಏನೂ ಇಲ್ಲದವರಿಗೂ ಬಾಗಿಲು ಮುಚ್ಚಿಲ್ಲ: ಫೋಟೋ, ಅಧಿಕಾರಿಯ ಎದುರು ಹಾಕಿದ ಸಹಿ ಅಥವಾ ಹೆಬ್ಬೆಟ್ಟು ಇದ್ದರೆ "ಸಣ್ಣ ಖಾತೆ" ಸಿಗುತ್ತದೆ. ಅದರಲ್ಲಿ ಯಾವಾಗಲೂ 50,000ಕ್ಕಿಂತ ಹೆಚ್ಚು ಇರಬಾರದು, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆ ಆಗಬಾರದು, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯಬಾರದು. 12 ತಿಂಗಳ ಅವಧಿ, ದಾಖಲೆಗೆ ಅರ್ಜಿ ಹಾಕಿದ್ದೀರಿ ಅಂತ ತೋರಿಸಿದರೆ ಇನ್ನೊಂದು 12 ತಿಂಗಳು.

ಅಂಚೆಯಣ್ಣ ಮನೆಗೆ ಬಂದದ್ದು ಓದಿ ಸಂತೋಷವಾಯಿತು. ನಮ್ಮ ಉಡುಪಿಯಲ್ಲಿ 1928ರಲ್ಲೇ ಪಿಗ್ಮಿ ಶುರುವಾಗಿದ್ದು, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅದನ್ನು ಶುರುಮಾಡಿದ ಸಿಂಡಿಕೇಟ್ ಬ್ಯಾಂಕೇ ಈಗ ಇಲ್ಲ, 2020ರ ಏಪ್ರಿಲ್ 1ಕ್ಕೆ ಕೆನರಾದೊಳಗೆ ಸೇರಿತು. ಇರಲಿ, ವಿಷಯ ಬಿಟ್ಟು ಹೋಗುತ್ತಿದ್ದೇನೆ.

ಲಿಂಬೆಹುಳಿ

ಹಾಗಾದ್ರೆ ಆಧಾರ್ ಇಲ್ದೇ ಖಾತೆ ಮಾಡ್ಕೊಡ್ತಾರೆ ಅಂತೀರಾ? ಕೌಂಟರಲ್ಲಿ ಹೋಗಿ ಕೇಳಿ ನೋಡಿ ಸರ್, ನಗ್ತಾರೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡಿದ ನಿಯಮ ರದ್ದು ಮಾಡ್ತು. ಆ ದಾವೆ ಹೂಡಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಬೆಂಗಳೂರಲ್ಲೇ ಇದ್ದವರು. ಅವರ ಊರಿನ ಶಾಖೇಲೇ ವೋಟರ್ ಐಡಿ ಕೊಟ್ರೆ "ಸಿಸ್ಟಮ್ ತಗೊಳಲ್ಲ" ಅಂತಾರೆ. ಕಾನೂನಿನ ಪುಸ್ತಕದಲ್ಲಿರೋದು ಬೇರೆ, ಕೌಂಟರಲ್ಲಿ ನಡೆಯೋದು ಬೇರೆ.

ಹಳೇ ಲೆಡ್ಜರು

ನಗುತ್ತಾರೆ, ಒಪ್ಪುತ್ತೇನೆ. ಸರ್ಕಾರದ ಸಹಾಯಧನ ಬೇಕಿದ್ದರೆ ಮಾತ್ರ ಆಧಾರ್ ಬೇಕೇ ಬೇಕು, ಉಳಿದವರು ಬೇರೆ ದಾಖಲೆ ಕೊಡಬಹುದು. ಆದರೆ ಶಾಖೆಯ ಕಡೆಯ ಮಾತೂ ಕೇಳಿ. ಬೆರಳಚ್ಚಿನಲ್ಲಾದರೆ ಹೆಸರು, ವಿಳಾಸ, ಫೋಟೋ ತಾನೇ ತುಂಬಿಕೊಳ್ಳುತ್ತದೆ. ವೋಟರ್ ಐಡಿಯಾದರೆ ಎಲ್ಲ ಕೈಯಲ್ಲಿ ಟೈಪು ಮಾಡಿ, ಮೂಲಪ್ರತಿ ಜತೆ ತಾಳೆ ನೋಡಿ, ಇನ್ನೊಬ್ಬರು ಪರಿಶೀಲಿಸಬೇಕು. ಹಳ್ಳಿ ಶಾಖೆಯಲ್ಲಿ ಒಬ್ಬ ಮ್ಯಾನೇಜರು, ಒಬ್ಬ ಕ್ಲರ್ಕು, ಹೊರಗೆ ಜನ ಬಾಗಿಲ ತನಕ. ಅದರ ಮೇಲೆ ವಿಮೆ ಎಷ್ಟು ಮಾಡಿಸಿದಿರಿ ಅಂತ ಸಂಜೆ ಮೇಲಿನಿಂದ ಫೋನು.

ಲಿಂಬೆಹುಳಿ

ಮೇಲಿನವರ ಫೋನಿಗೆ ತಿಪಟೂರಿನ ಅಮ್ಮ ಯಾಕೆ ಹೆಬ್ಬೆಟ್ಟು ಒತ್ಬೇಕು ಸರ್? ಟಾರ್ಗೆಟ್ ಬೇಡ ಅಂತ ನಿಮ್ಮ ಯೂನಿಯನ್ನು ಮುಷ್ಕರ ಮಾಡ್ಲಿ, ನಾವೂ ಬಂದು ಕೂರ್ತೀವಿ.

ಚಿಲ್ಲರೆ ಅಂಗಡಿ

ಅವತ್ತೂ ಬ್ಯಾಂಕು ಬಂದ್. ಒಟ್ನಲ್ಲಿ ನಮ್ಗೆ ದುಡ್ಡು ಸಿಗಲ್ಲ.

ಫೇಡೆ ಪ್ರೇಮಿ

ನಮ್ಮ ಧಾರವಾಡದ ಕಡೆ ಹೆಸರಿಂದ ದೊಡ್ಡ ಗೋಳು ನೋಡ್ರಿ. ನಮ್ಮಲ್ಲಿ ಅಡ್ಡಹೆಸರು ಇರ್ತದ, ಅಪ್ಪನ ಹೆಸರು ನಡುವ ಬರ್ತದ. ಆಧಾರದಾಗ ಅಡ್ಡಹೆಸರು ಮೊದಲ ಹಾಕ್ಯಾರ, ಪ್ಯಾನಿನಾಗ ಕಡೀಕ ಹಾಕ್ಯಾರ. ಕಂಪ್ಯೂಟರು ಇಬ್ಬರು ಬ್ಯಾರೆ ಬ್ಯಾರೆ ಮಂದಿ ಅಂತದ. ನಮ್ಮ ಮನಿಯಾಕಿ ಮೈಸೂರಾಕಿ, ಆಕೀದು ಇನ್ನೂ ಪಜೀತಿ. ಇನಿಶಿಯಲ್ ಎರಡಕ್ಷರ, ಒಂದು ಊರಿಂದು ಒಂದು ಅಪ್ಪಂದು. ಪ್ಯಾನಿನಾಗ ಇನಿಶಿಯಲ್ ಬಿಡಿಸಿ ಬರೀಬೇಕು ಅಂತ ಊರಿನ ಹೆಸರನ್ನ ಅಡ್ಡಹೆಸರು ಮಾಡಿಬಿಟ್ಟಾರ. ಲಗ್ನ ಆದಮ್ಯಾಲೆ ರೇಶನ್ ಕಾರ್ಡಿನಾಗ ನಮ್ಮ ಮನಿತನದ ಹೆಸರು ಬಂತು. ಒಬ್ಬಾಕಿಗೇ ಮೂರು ಹೆಸರು.

ನಮಗ ಮ್ಯಾನೇಜರ್ ಛಲೋ ಮನಷ್ಯಾ ಸಿಕ್ರು. ಸರಕಾರದ ಮದುವಿ ನೋಂದಣಿ ಪತ್ರ ತೊಗೊಂಡು ಬರ್ರಿ, ಹಳೇ ಹೆಸರಿನ ದಾಖಲಿ ಜೋಡಿ ಅದನ್ನ ಇಟ್ಟರ ಸಾಕು, ಅಫಿಡವಿಟ್ಟು ಗಿಫಿಡವಿಟ್ಟು ಏನೂ ಬ್ಯಾಡ ಅಂದ್ರು. ಆತು ನೋಡ್ರಿ. ತೆಂಗಿನಗರಿ ಅಕ್ಕಾರ, ನಿಮ್ಮ ಅವ್ವಾರ ಆಧಾರದಾಗ, ರೇಶನ್ ಕಾರ್ಡಿನಾಗ, ಹಳೇ ಪಾಸ್‌ಬುಕ್ಕಿನಾಗ ಹೆಸರು ಒಂದೇ ನಮೂನಿ ಐತೇನು ಅಂತ ಮನ್ಯಾಗ ಕುಂತು ಮೊದಲ ತಾಳಿ ಹಚ್ಚಿ ನೋಡ್ರಿ.

ಮತ್ತ ಹಳೇ ಖಾತಿ ಗ್ರಾಮೀಣ ಬ್ಯಾಂಕಿಂದೇನ್ರಿ? ನಮ್ಮ ವಿಕಾಸ ಗ್ರಾಮೀಣ ಬ್ಯಾಂಕು, ಬಳ್ಳಾರಿಯ ಗ್ರಾಮೀಣ ಬ್ಯಾಂಕು 2025ರ ಮೇ 1ಕ್ಕ ಒಂದಾದ್ವು, ಈಗ ರಾಜ್ಯಕ್ಕೆಲ್ಲಾ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕು. ಹಂಗಿದ್ರ ಪಾಸ್‌ಬುಕ್ಕಿನ ಮ್ಯಾಲಿನ ಐಎಫ್‌ಎಸ್‌ಸಿ, ಅಂದ್ರ ಶಾಖೆಯ ಕೋಡು, ಇನ್ನೂ ನಡೀತದೋ ಇಲ್ಲೋ ಕೇಳಿಕೊಂಡು ಬರ್ರಿ.

ಪೀಜಿ ವಾಸಿ

ಇಲ್ಲಿ ಎಲ್ರೂ ಶಾಖೆಗೆ ಹೋದ ಕಥೆ ಹೇಳ್ತಿದೀರಾ, ನಾನು ಹೋಗದೇ ಇದ್ದ ಕಥೆ ಹೇಳ್ತೀನಿ. ಖಾಸಗಿ ಬ್ಯಾಂಕೊಂದರ ಆ್ಯಪಲ್ಲಿ ಆಧಾರ್ ಓಟಿಪಿ ಹಾಕಿ ಖಾತೆ ತೆರೆದೆ. ಹತ್ತು ನಿಮಿಷಕ್ಕೆ ಖಾತೆ ನಂಬರ್ ಬಂತು, ಆಹಾ ಅನ್ಕೊಂಡೆ. ವರ್ಷ ತುಂಬೋ ಹೊತ್ತಿಗೆ ಮೆಸೇಜು ಶುರು, "ಪೂರ್ಣ ಕೆವೈಸಿ ಆಗಿಲ್ಲ". ಓಟಿಪಿ ಖಾತೆ ಅರ್ಧ ಖಾತೆ ಅಂತ ಅವತ್ತು ಯಾರೂ ಹೇಳಿರ್ಲಿಲ್ಲ. ಅದ್ರಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ, ವರ್ಷಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಜಮೆ ಆಗೋ ಹಾಗಿಲ್ಲ, ವರ್ಷದೊಳಗೆ ಪೂರ್ತಿ ಮಾಡಿಸ್ಬೇಕು.

ಸರಿ, ವಿಡಿಯೋ ಕೆವೈಸಿಗೆ ಕೂತೆ. ಅದು ನೋಡೋ ಹಾಗಿತ್ತು. ಪೀಜಿ ರೂಮಲ್ಲಿ ಟ್ಯೂಬ್‌ಲೈಟ್ ಒಂದೇ, ಪ್ಯಾನ್ ಕಾರ್ಡ್ ಹಿಡಿದ್ರೆ ಅದ್ರ ಮೇಲೆ ಹೊಳಪು ಬಿದ್ದು ನಂಬರ್ ಕಾಣಲ್ಲ. ಎಡಕ್ಕೆ ಓರೆ ಮಾಡಿ, ಬಲಕ್ಕೆ ಮಾಡಿ, ಇನ್ನೂ ಹತ್ರ ತನ್ನಿ. ಹಾಸಿಗೆ ಮೇಲೆ ನಿಂತ್ಕೊಂಡು ಕಿಟಕಿ ಬೆಳಕಿಗೆ ಹಿಡಿದೆ, ಹಿಂದಿನಿಂದ ರೂಮ್‌ಮೇಟು ಟವೆಲ್ಲಲ್ಲಿ ಬಂದ, "ಇನ್ನೊಬ್ಬರು ಫ್ರೇಮಲ್ಲಿದಾರೆ" ಅಂತ ಕಾಲಲ್ಲಿದ್ದ ಬ್ಯಾಂಕಿನಾಕೆ ಕಾಲ್ ಕಟ್ ಮಾಡಿದ್ರು. ಎರಡನೇ ಸಲ ಹಿಂದಿ ಮಾತ್ರ ಬರೋರು ಸಿಕ್ಕಿದ್ರು. ಕನ್ನಡದವರು ಬೇಕು ಅಂದೆ, "ಕಾಲ್‌ಬ್ಯಾಕ್ ಬರುತ್ತೆ" ಅಂದ್ರು, ಬರ್ಲೇ ಇಲ್ಲ. ಕೊನೆಗೆ ಅದೇ ಬ್ಯಾಂಕಿನ ಜಯನಗರ ಶಾಖೆಗೆ ನಡ್ಕೊಂಡು ಹೋದೆ, ಅರ್ಧ ಗಂಟೇಲಿ ಮುಗೀತು, ಕಾಫೀನೂ ಕೊಟ್ರು!

ಖಾಸಗಿ ಬ್ಯಾಂಕಿಗೆ ಹೋಗೋರು ಕನಿಷ್ಠ ಬ್ಯಾಲೆನ್ಸ್ ನೋಡ್ಕೊಂಡು ಹೋಗಿ. 2025ರ ಆಗಸ್ಟಲ್ಲಿ ಐಸಿಐಸಿಐ ಬ್ಯಾಂಕು ನಗರಗಳ ಹೊಸ ಖಾತೆಗೆ 50,000 ಅಂತ ಹೇಳಿ, ಜನ ಬೈದ್ಮೇಲೆ 15,000ಕ್ಕೆ ಇಳಿಸ್ತು. ಇದರಲ್ಲಿ ನಾವು ತಲೆ ಹಾಕಲ್ಲ, ಬ್ಯಾಂಕಿಗೆ ಬಿಟ್ಟಿದ್ದು ಅಂತ ರಿಸರ್ವ್ ಬ್ಯಾಂಕಿನ ಗವರ್ನರೇ ಹೇಳಿದ್ರು. ಸಂಬಳದ ಖಾತೆ ಇರೋರೂ ಅಷ್ಟೇ. ಕೆಲಸ ಬಿಟ್ಟು ಕೆಲವು ತಿಂಗಳು ಸಂಬಳ ಬೀಳ್ದಿದ್ರೆ ಅದು ತಾನಾಗೇ ಸಾಮಾನ್ಯ ಖಾತೆ ಆಗುತ್ತೆ, ದಂಡ ಕಟ್ಟೋಕೆ ಶುರುವಾಗುತ್ತೆ.

ಹಳೇ ಲೆಡ್ಜರು

ದಂಡಕ್ಕೂ ಮಿತಿ ಉಂಟು. 2015ರ ಏಪ್ರಿಲ್ 1ರಿಂದ ಇರುವ ನಿಯಮ: ಬ್ಯಾಲೆನ್ಸ್ ಇಳಿದರೆ ಮೊದಲು ತಿಳಿಸಬೇಕು, ತುಂಬಲು ಒಂದು ತಿಂಗಳಾದರೂ ಕೊಡಬೇಕು, ಎಷ್ಟು ಕಡಿಮೆ ಇದೆಯೋ ಅದಕ್ಕೆ ತಕ್ಕ ಹಾಗೆ ಮಾತ್ರ ದಂಡ. ಬರೀ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು. ಎರಡು ವರ್ಷ ವ್ಯವಹಾರ ಇಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವ ಹಾಗೇ ಇಲ್ಲ.

ಮಸ್ಕತ್ ಮಲ್ಲಿಗೆ

ಹೊರದೇಶಕ್ಕೆ ಕೆಲಸಕ್ಕೆ ಬಂದವರಿಗೊಂದು ಸಣ್ಣ ಮಾತು: ಊರಲ್ಲಿರೋ ಮಾಮೂಲು ಉಳಿತಾಯ ಖಾತೆಯನ್ನ ಹಾಗೇ ನಡೆಸೋ ಹಾಗಿಲ್ಲ, ಎನ್‌ಆರ್‌ಒ, ಅಂದ್ರೆ ಅನಿವಾಸಿಗಳ ಖಾತೆಯಾಗಿ ಬದಲಾಯಿಸ್ಬೇಕು. ಇಲ್ಲಿ ನಮ್ಮ ಕರಾವಳಿಯವರು ಎಷ್ಟೋ ಜನ ಬದಲಾಯಿಸಿಯೇ ಇಲ್ಲ. ವಿಡಿಯೋ ಕೆವೈಸಿಗೆ ಇಲ್ಲಿಂದ ಕೂತ್ರೆ ನೀವು ಭಾರತದಲ್ಲಿಲ್ಲ ಅಂತ ಅವರಿಗೆ ಕಾಣ್ತದೆ.

ಸೌದೆ ಒಲೆ

ಇಷ್ಟೆಲ್ಲ ರಗಳೆ ಯಾಕೆ? ನಮ್ಮೂರ ಪತ್ತಿನ ಸಹಕಾರ ಸಂಘದಲ್ಲಿ ಒಂದೇ ಫಾರಂ, ಕಾರ್ಯದರ್ಶಿ ಪರಿಚಯದವರು, ಬಡ್ಡಿನೂ ಜಾಸ್ತಿ. ಅಲ್ಲೇ ಮಾಡಿಸಿ.

ಹಳೇ ಲೆಡ್ಜರು

ಸಂಘ ಬೇಡ ಅಂತ ನಾನು ಹೇಳುವುದಿಲ್ಲ, ಹಳ್ಳಿಯ ಸಾಲ ಸಂಘದಿಂದಲೇ ಸಿಗುವುದು. ಆದರೆ ಬ್ಯಾಂಕಿನ ಠೇವಣಿಗೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರವರಿ 4ರಿಂದ. ಅದಕ್ಕೂ ಮುಂಚೆ 1 ಲಕ್ಷ ಇತ್ತು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕಲ್ಲ, ಅವಕ್ಕೆ ಈ ವಿಮೆ ಇಲ್ಲ. ಬೋರ್ಡಿನ ಬಣ್ಣ, ಕೌಂಟರಿನ ಗಾಜು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೇ ಇರುತ್ತದೆ, ಅದಕ್ಕೇ ಹೇಳಿದೆ. ಗೃಹಲಕ್ಷ್ಮಿಗೆ ಬೇಕಾದ್ದು ಆಧಾರ್ ಪಟ್ಟಿಯಲ್ಲಿ ಬರುವ ಬ್ಯಾಂಕ್ ಖಾತೆ, ಸಂಘದ ಪಾಸ್‌ಬುಕ್ಕು ಆ ಕೆಲಸಕ್ಕೆ ಬಾರದು.

ಬಡ್ಡಿ ಅಂತ ಉಳಿತಾಯ ಖಾತೆಯಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಸ್ಟೇಟ್ ಬ್ಯಾಂಕಿನಲ್ಲಿ 2025ರ ಜೂನ್ ಮಧ್ಯದಿಂದ ಶೇ. 2.5. ಅಂಚೆ ಕಚೇರಿ ಉಳಿತಾಯ ಖಾತೆಯಲ್ಲಿ ಶೇ. 4, ಅಲ್ಲಿ ಕನಿಷ್ಠ 500 ಇರಬೇಕು.

ತೆಂಗಿನಗರಿ

ಆ ಎರಡು ಹಾಳೆ ವಿಚಾರ ಯಾರೂ ಹೇಳ್ಲಿಲ್ಲ. ಒಂದರಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತಿದೆ. ಇನ್ನೊಂದರಲ್ಲಿ ಜೀವನ್ ಜ್ಯೋತಿ ಅಂತಿದೆ. ಹಾಕ್ಬೇಕಾ?

ಸಂತೇಪೇಟೆ ಬ್ಯಾಂಕ್‌ಮಿತ್ರ

ಮೊದಲನೇದು ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಏನಾದ್ರೂ ಆದ್ರೆ 2 ಲಕ್ಷ. 18ರಿಂದ 70 ವರ್ಷದವರಿಗೆ. ನನ್ನ ಕೇಳಿದ್ರೆ ಹಾಕಿಸಿ, ಹೊಲಕ್ಕೆ ಹೋಗೋರಿಗೆ ಬೇಕು. ಮೇ ಕೊನೇಲಿ ಖಾತೆಯಲ್ಲಿ ಆ 20 ರೂಪಾಯಿ ಇರೋ ಹಾಗೆ ನೋಡ್ಕೊಳ್ಳಿ, ಇಲ್ದಿದ್ರೆ ಸದ್ದಿಲ್ಲದೆ ನಿಂತೋಗುತ್ತೆ. ಹಳೇ ಖಾತೆಯಲ್ಲಿ ಈಗಾಗ್ಲೇ ಕಟ್ ಆಗ್ತಿದ್ರೆ ಇಲ್ಲಿ ಮತ್ತೆ ಬೇಡ, ಎರಡು ಕಡೆ ಕಟ್ಟಿದ್ರೂ ಪರಿಹಾರ ಒಂದೇ.

ಎರಡನೇದು 436 ರೂಪಾಯಿ. ಅದಕ್ಕೆ ಸೇರೋ ವಯಸ್ಸು 18ರಿಂದ 50. ಅಮ್ಮನಿಗೆ 58 ಅಂದ್ರಲ್ಲ ಅಕ್ಕಾ! ಆಧಾರ್ ಕಾರ್ಡಲ್ಲಿ ಹುಟ್ಟಿದ ವರ್ಷ ನೋಡದೇ ಎಲ್ರಿಗೂ ಒಂದೇ ಕಟ್ಟು ಪಿನ್ ಹೊಡೆದು ಇಟ್ಟಿರ್ತಾರೆ. ವಯಸ್ಸು ತಪ್ಪು ಬರೆದು ಹಾಕಿಸಿದ್ರೆ ದುಡ್ಡು ಹೋಗುತ್ತೆ, ಕಷ್ಟಕಾಲಕ್ಕೆ ಕ್ಲೈಮು ಸಿಗಲ್ಲ. ಪಿನ್ ಬಿಚ್ಚಿ ಆ ಹಾಳೆ ವಾಪಸ್ ಕೊಡಿ.

ಲಿಂಬೆಹುಳಿ

ನೋಡಿ ಸರ್, ಟಾರ್ಗೆಟ್ ಅಂದ್ರೆ ಇದು. ಖಾಸಗಿ ವಿಮೆ ಹಾಳೆ ಇಟ್ಟಿರ್ಲಿಲ್ಲ ಅನ್ನೋದೇ ಪುಣ್ಯ.

ಹಳೇ ಲೆಡ್ಜರು

ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಖಾತೆ ಬೇಕಾದರೆ ವಿಮೆ ಮಾಡಿಸಲೇಬೇಕು ಅನ್ನುವ ನಿಯಮ ಎಲ್ಲಿಯೂ ಇಲ್ಲ, ಇವೆರಡೂ ಇಷ್ಟವಿದ್ದವರಿಗೆ.

ಮತ್ತೆ ನಿರಾಕರಿಸಿದರೆ ಬಾಯಲ್ಲಿ ಜಗಳ ಬೇಡ. "ಯಾವ ಕಾರಣಕ್ಕೆ ಖಾತೆ ತೆರೆಯುವುದಿಲ್ಲ ಅಂತ ಬರೆದುಕೊಡಿ" ಅಂತ ಒಂದು ಚೀಟಿ ಕೊಟ್ಟು, ಅದರ ನಕಲಿನ ಮೇಲೆ ಸೀಲು ಕೇಳಿ. ಮುಕ್ಕಾಲುಪಾಲು ಅಲ್ಲಿಗೇ ಕೆಲಸ ಆಗುತ್ತದೆ, ಬರವಣಿಗೆಯಲ್ಲಿ ಯಾರೂ ಸಿಕ್ಕಿಕೊಳ್ಳಲು ಬಯಸುವುದಿಲ್ಲ. ಆಗದಿದ್ದರೆ ಬ್ಯಾಂಕಿಗೆ ಲಿಖಿತ ದೂರು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ.

ತೆಂಗಿನಗರಿ

ಕೊನೇದಾಗಿ ನಾಮಿನಿ. ಅಮ್ಮನಿಗೆ ನಾವು ಮೂರು ಜನ ಮಕ್ಕಳು, ಒಬ್ಬರ ಹೆಸರು ಬರೆದ್ರೆ ಇನ್ನಿಬ್ಬರ ಮುಖ ಊದಿಕೊಳ್ಳುತ್ತೆ. ಖಾಲಿ ಬಿಟ್ರೆ ನಡೆಯುತ್ತಾ?

ಹಳೇ ಲೆಡ್ಜರು

ಖಾಲಿ ಬಿಡಬೇಡಿ. 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ನಾಮಿನಿ ಮಾಡಬಹುದು. ಮೂವರ ಹೆಸರೂ ಬರೆದು ಯಾರಿಗೆ ಶೇಕಡಾ ಎಷ್ಟು ಅಂತ ನಮೂದಿಸಿ, ಒಟ್ಟು 100 ಆಗಬೇಕು. ಇಲ್ಲವೇ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು ಅನ್ನುವ ಸರದಿಯಲ್ಲೂ ಬರೆಯಬಹುದು. ನಾಮಿನಿ ಅಂದರೆ ದುಡ್ಡಿನ ಒಡೆಯ ಅಂತಲ್ಲ, ಬ್ಯಾಂಕಿನಿಂದ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು. ಇದನ್ನು ಅಣ್ಣತಮ್ಮಂದಿರಿಗೆ ಮೊದಲೇ ಹೇಳಿಬಿಡಿ.

ಫೇಡೆ ಪ್ರೇಮಿ

ಮೂರು ಮಂದಿಗೆ 33 ಅಂತ ಬರದ್ರ 99 ಆಗ್ತದಲ್ರಿ. ಉಳದ ಒಂದು ಯಾರಿಗಿ?

ಸಂತೇಪೇಟೆ ಬ್ಯಾಂಕ್‌ಮಿತ್ರ

ಕರ್ಕೊಂಡು ಹೋಗಿ ಖಾತೆ ಮಾಡಿಸಿದವರಿಗೆ. ತೆಂಗಿನಗರಿ ಅಕ್ಕಾ, ನೀವು 34 ಹಾಕ್ಕೊಳ್ಳಿ. ನಾಮಿನಿ ನೋಂದಣಿ ಆಗಿದೆ ಅಂತ ಪಾಸ್‌ಬುಕ್ಕಲ್ಲಿ ಅಚ್ಚಾಗಿದೆಯಾ ಅಂತ ಅಲ್ಲೇ ನಿಂತು ನೋಡ್ಕೊಂಡು ಬನ್ನಿ.